ಓಡುವ ಹೆಣ, ನಡೆಯುವ ಹೆಣ

ಸತ್ತವರು ಎದ್ದು ಬಂದರೆ ಓಡುತ್ತಾರೋ, ನಡೆಯುತ್ತಾರೋ? ಈ ವಿಷಯಕ್ಕೆ ಕೊಪ್ಪದ ಕೇಬಲ್ ಆಫೀಸಿನಲ್ಲಿ ನಾನೂ ಅದರ ಮಾಲೀಕರೂ ಒಂದು ಇಡೀ ಮಧ್ಯಾಹ್ನ ಜಗಳವಾಡಿದೆವು. ಕೆಳಗೆ ರಸ್ತೆಯಲ್ಲಿ ಹೋಗುವವರು ತಲೆ ಎತ್ತಿ ನೋಡುವಷ್ಟು ನಮ್ಮ ದನಿ ಏರಿತ್ತು.

ಎರಡು ಸಾವಿರದ ದಶಕ ಅರ್ಧ ಕಳೆದಿದ್ದ ಕಾಲ. ನಾನು ಮದುವೆ ವಿಡಿಯೋ ತೆಗೆಯುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಸ್ಟುಡಿಯೋ, ಒಂದು ಡಿವಿ ಕ್ಯಾಮೆರಾ, ಎಡಿಟಿಂಗಿಗೆ ಒಂದು ಕಂಪ್ಯೂಟರ್ ಇತ್ತು. ಮಾಲೀಕರ ಲೋಕಲ್ ಚಾನೆಲ್ಲಿನಲ್ಲಿ ಹುಟ್ಟುಹಬ್ಬದ ಶುಭಾಶಯ, ಅಂಗಡಿಗಳ ಜಾಹೀರಾತು, ಶಾಲಾ ವಾರ್ಷಿಕೋತ್ಸವ ಬರುತ್ತಿದ್ದವು. ಆ ಸಲ ದೀಪಾವಳಿಗೆ ನಮ್ಮದೇ ಒಂದು ಹೆದರಿಸುವ ಟೆಲಿಫಿಲ್ಮ್ ಹಾಕಬೇಕೆಂದು ಅವರಿಗೆ ಹುಕಿ ಬಂತು. ಕಥೆ ನಾನು ಬರೆದೆ. ಶೃಂಗೇರಿಯಿಂದ ಹೊರಟ ಬಸ್ಸೊಂದು ಕೆರೆಕಟ್ಟೆಯ ಕಾಡಿನ ಅಂಚಿನಲ್ಲಿ ಕೆಟ್ಟು ನಿಲ್ಲುತ್ತದೆ. ಸುತ್ತಲಿನ ಮಣ್ಣಿನಿಂದ ಹೆಣಗಳು ಎದ್ದು ಬಸ್ಸಿನ ಕಡೆಗೆ ಬರುತ್ತವೆ. ಹೇಗೆ ಬರುತ್ತವೆ ಎಂಬಲ್ಲಿ ನಾವು ಸಿಕ್ಕಿಬಿದ್ದೆವು.

ಮಾಲೀಕರು ಹೊರದೇಶದ ಹೆಣದ ಸಿನಿಮಾಗಳ ಸಿ.ಡಿ.ಗಳನ್ನು ತರಿಸಿ ನೋಡಿದ್ದರು. ಹಳೆಯವುಗಳಲ್ಲಿ ಹೆಣಗಳು ಕಾಲೆಳೆಯುತ್ತ ಬರುತ್ತಿದ್ದವು, ಹೊಸವುಗಳಲ್ಲಿ ಓಡುತ್ತಿದ್ದವು. ಅವರಿಗೆ ಹೊಸದು ಬೇಕು.

"ನಡ್ಕೊಂಡು ಬರೋ ಹೆಣಕ್ಕೆ ಯಾರ್ರೀ ಹೆದರ್ತಾರೆ? ಎರಡು ಹೆಜ್ಜೆ ಬೇಗ ಹಾಕಿದ್ರೆ ತಪ್ಪಿಸ್ಕೊಬಹುದು" ಎಂದರು.

"ಎಷ್ಟು ದೂರ ಹಾಕ್ತೀರಿ?" ಎಂದೆ. "ನೀವು ಸುಸ್ತಾಗಿ ಕೂತ್ಕೊಳ್ತೀರಿ, ಅದು ಕೂರಲ್ಲ. ನಿಮಗೆ ನಿದ್ದೆ ಬರ್ತದೆ, ಅದಕ್ಕೆ ಬರಲ್ಲ. ಓಡಿ ಬರೋದಾದ್ರೆ ಅದು ಹುಚ್ಚುನಾಯಿಯೂ ಆಗಬಹುದು, ಕಳ್ಳನೂ ಆಗಬಹುದು. ಮೈಮೇಲೆ ಬಿತ್ತು, ಮುಗೀತು. ನಡ್ಕೊಂಡು ಬರೋದಾದ್ರೆ ಮುಖ ನೋಡೋಕೆ ಸಮಯ ಇರ್ತದೆ. ಅಯ್ಯೋ, ಇದು ನಮ್ಮ ಚಿಕ್ಕಪ್ಪ ಅಂತ ಗುರುತು ಸಿಗ್ತದೆ. ಅಲ್ಲಿ ಹೆದರಿಕೆ ಇರೋದು."

"ನಿಮ್ಮ ಚಿಕ್ಕಪ್ಪ ಬಾಗಿಲಿಗೆ ಬರೋದ್ರೊಳಗೆ ಜನ ರಿಮೋಟ್ ಒತ್ತಿ ಬೇರೆ ಚಾನೆಲ್ಲಿಗೆ ಹೋಗಿರ್ತಾರೆ!"

ಮುಖ್ಯ ಹೆಣದ ಪಾತ್ರಕ್ಕೆ ಮಾಲೀಕರು ಕರೆಸಿದ್ದ ವ್ಯಕ್ತಿ ಒಳಗೆ ಬಂದದ್ದು ಈ ಮಾತಿನ ಹೊತ್ತಿಗೆ. ನರಸಿಂಹರಾಜಪುರದ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕ್ರೀಡಾಕೂಟಗಳ ವಿಡಿಯೋ ತೆಗೆಯುವಾಗ ಅವರನ್ನು ಕಂಡಿದ್ದೆ. ನಲವತ್ತು ದಾಟಿದ್ದರೂ ಮಕ್ಕಳ ಓಟದ ಪಕ್ಕದಲ್ಲೇ, ಟ್ರ್ಯಾಕಿನ ಹೊರಗೆ, ಸೀಟಿ ಊದುತ್ತ ಓಡಿ ಮಕ್ಕಳಿಗಿಂತ ಮೊದಲು ಗೆರೆ ಮುಟ್ಟುತ್ತಿದ್ದರು. ನಮ್ಮಿಬ್ಬರ ವಾದ ಕೇಳಿ ಅವರು ಕಾಫಿ ಲೋಟ ಕೆಳಗಿಟ್ಟರು.

"ಜಗಳ ಎಂತಕ್ಕೆ ಮಾರಾಯ್ರೇ? ನಾಳೆ ಹಿನ್ನೀರಿನ ಬಯಲಿಗೆ ಬನ್ನಿ. ಎರಡೂ ಮಾಡಿ ತೋರಿಸ್ತೀನಿ. ಕ್ಯಾಮೆರಾನೇ ಹೇಳ್ಲಿ."

ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಹಿಂದೆ ಸರಿದು, ನರಸಿಂಹರಾಜಪುರದ ಕಡೆ ಬಿರುಕುಬಿಟ್ಟ ಕೆಸರಿನ ದೊಡ್ಡ ಬಯಲು ತೆರೆದುಕೊಂಡಿರುತ್ತದೆ. ಅಲ್ಲಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು. ಅಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಮೇಷ್ಟ್ರು ಮೊದಲು ನಡೆದು ತೋರಿಸಿದರು. ಕೈ ಎರಡೂ ಮುಂದೆ, ಕಾಲು ಎರಡೂ ಕೋಲಿನ ಹಾಗೆ. ನೋಡಿದರೆ ನಗು ಬರುತ್ತಿತ್ತು. ಅವರೇ ಅರ್ಧದಲ್ಲಿ ನಿಂತು ನಕ್ಕುಬಿಟ್ಟರು. ಆಮೇಲೆ ದೂರಕ್ಕೆ ಹೋಗಿ ಒಂದು ಬೊಡ್ಡೆಯ ಹಿಂದೆ ಮಲಗಿದರು. ನಾನು ಕೈ ಎತ್ತಿದೆ.

ಎದ್ದದ್ದೇ ತಿಳಿಯಲಿಲ್ಲ. ತಲೆ ಒಂದು ಭುಜಕ್ಕೆ ವಾಲಿತ್ತು, ಕೈಗಳು ಯಾರದೋ ಎಂಬಂತೆ ಜೋತಾಡುತ್ತಿದ್ದವು, ಕಾಲುಗಳು ಮಾತ್ರ ಬಯಲನ್ನು ನುಂಗುತ್ತ ಬಂದವು. ನಾನು ಷಟರ್ ವೇಗ ಹೆಚ್ಚಿಸಿಟ್ಟಿದ್ದೆ. ಹಾಗೆ ಮಾಡಿದರೆ ಓಟದ ಮಸುಕು ಹೋಗಿ ಪ್ರತಿ ಹೆಜ್ಜೆಯೂ ಕತ್ತರಿಸಿ ಇಟ್ಟಂತೆ ಕಾಣುತ್ತದೆ. ಚಿಕ್ಕ ಪರದೆಯಲ್ಲಿ ಅವರ ಮುಖ ದೊಡ್ಡದಾಗುತ್ತ ಬಂದಾಗ ನಾನು ಕ್ಯಾಮೆರಾ ಬಿಟ್ಟು ಹಿಂದೆ ಸರಿದೆ. ಮಾಲೀಕರು ಚಪ್ಪಾಳೆ ಹೊಡೆದರು.

"ಈಗ ಹೇಳಿ. ಯಾವುದು?"

"ಓಡೋದು" ಎಂದು ಒಪ್ಪಿಕೊಂಡೆ.

ಶಾಲೆಗಳಿಗೆ ರಜೆ ಬಂದ ಮೇಲೆ ಕೆರೆಕಟ್ಟೆಯಲ್ಲಿ ಶೂಟಿಂಗ್ ಶುರುವಾಯಿತು. ಓಡಾಟ ನಿಲ್ಲಿಸಿದ್ದ ಹಳೆಯ ಬಸ್ಸೊಂದನ್ನು ಶೃಂಗೇರಿಯವರೊಬ್ಬರು ಕೊಟ್ಟರು. ಅದನ್ನು ಲಾರಿಗೆ ಕಟ್ಟಿ ಎಳೆದು ತಂದು, ಮುಖ್ಯ ರಸ್ತೆಯಿಂದ ಒಳಗೆ ಒಂದು ಗದ್ದೆಯ ಪಕ್ಕದ ಮಣ್ಣುದಾರಿಯಲ್ಲಿ ನಿಲ್ಲಿಸಿದೆವು. ತೋಟದ ಕೆಲಸಕ್ಕೆ ಹೋಗುವ ಗಂಡಸರು ಹೆಂಗಸರು ಹೆಣಗಳಾಗಲು ಒಪ್ಪಿದರು. ಮೇಕಪ್ಪು ನನ್ನದೇ. ಅಕ್ಕಿಹಿಟ್ಟನ್ನು ಗೋಂದಿನಲ್ಲಿ ಕಲಸಿ ಮುಖಕ್ಕೆ ಬಳಿದು, ಅದರ ಮೇಲೆ ತೆಳು ಕಾಗದ ಅಂಟಿಸಿ, ಒಣಗಿದ ಮೇಲೆ ಉಗುರಿನಿಂದ ಹರಿದರೆ ಚರ್ಮ ಸುಲಿದಂತೆ ಕಾಣುತ್ತಿತ್ತು. ಕಣ್ಣಿನ ಸುತ್ತ ಇದ್ದಿಲು. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕುಂಕುಮ. ಇರುವೆಗಳ ಕಾಟ ಒಂದು ಬಿಟ್ಟರೆ ಬಣ್ಣ ಚೆನ್ನಾಗಿ ಬರುತ್ತಿತ್ತು.

ತೊಂದರೆ ಎಲ್ಲಿ ಎಂದರೆ, ಮೇಷ್ಟ್ರ ಹಾಗೆ ಓಡಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಓಡಿ ಬಂದರೆ ಹೊರಟ ಬಸ್ಸನ್ನು ಹಿಡಿಯಲು ಜನ ಓಡಿ ಬಂದಂತೆ ಇರುತ್ತಿತ್ತು. ಒಬ್ಬಾಕೆ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈ ಬೀಸಿ "ಹೋಲ್ಡಾನ್" ಎಂದೇ ಕೂಗಿಬಿಟ್ಟಳು. ಹಾಗಾಗಿ ಉಳಿದವರನ್ನು ದೂರದಲ್ಲಿ ಮಸುಕಾಗಿ ಇಟ್ಟು, ಹತ್ತಿರದ ಓಟವನ್ನೆಲ್ಲ ಮೇಷ್ಟ್ರ ಮೇಲೆ ಹಾಕಿದೆವು.

ಮೇಷ್ಟ್ರು ಬೀಳತೊಡಗಿದರು.

ಮೊದಲ ಸಲ ಗದ್ದೆಯ ಬದುವಿನ ಮೇಲೆ ಮುಗ್ಗರಿಸಿದಾಗ ಯಾರೂ ಏನೂ ಅಂದುಕೊಳ್ಳಲಿಲ್ಲ. ಉಳುಮೆಯಿಲ್ಲದ ಗದ್ದೆ, ಉಬ್ಬುತಗ್ಗಿನ ನೆಲ. ಮಾರನೆಯ ದಿನ ಸಮತಟ್ಟಾದ ದಾರಿಯ ಮೇಲೇ ಬಿದ್ದರು. ಚಪ್ಪಲಿಯ ತಪ್ಪು ಎಂದು ಮಾಲೀಕರು ಕ್ಯಾನ್ವಾಸ್ ಶೂ ತರಿಸಿ ಅದಕ್ಕೆ ಮಣ್ಣು ಬಳಿದರು. ಮೇಷ್ಟ್ರು ಶೂ ಹಾಕಿಕೊಂಡು ಓಡಿ ಬಸ್ಸಿನ ಮೆಟ್ಟಿಲಿಗೆ ನೆಗೆಯುವಾಗ ಅವರ ಎಡಗಾಲು ಮೇಲೇಳಲೇ ಇಲ್ಲ. ಹುಬ್ಬು ಮೆಟ್ಟಿಲಿನ ಕಬ್ಬಿಣಕ್ಕೆ ಬಡಿಯಿತು. ಬೆಲ್ಲದ ಪಾಕದ ನಡುವೆ ನಿಜವಾದ ರಕ್ತ ಯಾವುದು ಎಂದು ತಿಳಿಯಲು ಒರೆಸಬೇಕಾಯಿತು.

ಬಸ್ಸಿನ ನೆರಳಿನಲ್ಲಿ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಕುಳಿತ ಮೇಷ್ಟ್ರು ಕಾಲನ್ನು ನೀಡಿ ಮೀನಖಂಡ ನೀವಿಕೊಳ್ಳುತ್ತಿದ್ದರು.

"ವಯಸ್ಸಾಯ್ತು ಕಾಣ್ತದೆ ಮಾರಾಯ್ರೇ" ಎಂದರು. "ಓಟ ಸಾಕು. ನೀವು ಮೊದಲು ಹೇಳಿದ ಹಾಗೆ ನಡೆಸಿಬಿಡಿ. ಉಳಿದವ್ರಿಗೂ ಅದೇ ಸುಲಭ."

"ಅವತ್ತು ಬಯಲಲ್ಲಿ ನಿಮ್ಮ ನಡಿಗೆ ನೋಡಿ ನಾವೆಲ್ಲ ನಕ್ಕಿದ್ದೆವಲ್ಲ" ಎಂದೆ.

"ಈಗ ನೋಡಿ" ಎಂದು ಎದ್ದರು.

ದಾರಿಯ ತಿರುವಿನಿಂದ ಬಸ್ಸಿನ ತನಕ ನಡೆದರು. ಕೈ ಮುಂದೆ ಚಾಚಲಿಲ್ಲ, ಮುಖ ಸೊಟ್ಟಗೆ ಮಾಡಲಿಲ್ಲ. ಎಡ ಸೊಂಟ ಸ್ವಲ್ಪ ಮೇಲೇಳುತ್ತಿತ್ತು. ಕಾಲು ಅದರ ಹಿಂದೆ ತಡವಾಗಿ ಬರುತ್ತಿತ್ತು. ಹಿಮ್ಮಡಿಗಿಂತ ಮೊದಲು ಬೆರಳು ನೆಲ ಮುಟ್ಟಿ, ಒಣ ಎಲೆಗಳ ಮೇಲೆ ಸರ್‍ರೆಂದು ಎಳೆದುಕೊಂಡು ಹೋಗುತ್ತಿತ್ತು. ಆ ಕಾಲಿಗೆ ತಾನು ಸತ್ತಿರುವುದು ಗೊತ್ತು, ಉಳಿದ ಮೈಗೆ ಗೊತ್ತಿಲ್ಲ ಎನ್ನುವ ಹಾಗೆ. ಮಾಲೀಕರು ನನ್ನ ಕಡೆ ತಿರುಗಿ, ನೀವೇ ಗೆದ್ದಿರಿ ಎಂಬಂತೆ ತಲೆಯಾಡಿಸಿದರು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಉಳಿದವರಿಗೂ ಆ ನಡಿಗೆ ಕಲಿಸಿ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಕೊರಳಿನ ಸೀಟಿ ಹೊರತೆಗೆದು ಎಲ್ಲರನ್ನೂ ಗದ್ದೆಯಲ್ಲಿ ಸಾಲಾಗಿ ನಿಲ್ಲಿಸಿದರು. "ಬಲಗಾಲು ನೆಟ್ಟಗೆ ಇಡಿ. ಎಡಗಾಲು ನಿಮ್ಮದಲ್ಲ ಅಂದ್ಕೊಳ್ಳಿ. ಅದನ್ನ ಎತ್ತಬೇಡಿ, ಕರ್ಕೊಂಡು ಬನ್ನಿ."

ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಎಂತ ಮೇಷ್ಟ್ರೇ, ಸಂಜೆ ಕೆಲಸ ಬಿಟ್ಟು ಮನೆಗೆ ಹೋಗುವಾಗ ನಾವು ನಡೆಯೋದೇ ಹಿಂಗೆ. ಇದನ್ನೂ ಕಲೀಬೇಕಾ?" ಎಂದಳು. ಎಲ್ಲರೂ ನಕ್ಕರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಸೀಟಿ ಊದಿದರು. ಇಡೀ ಸಾಲು ಎಡಗಾಲು ಎಳೆಯುತ್ತ ಬಸ್ಸಿನ ಕಡೆ ಹೊರಟಿತು.

ನಿಧಾನದ ಹೆಣಗಳಿಗೆ ಕ್ಯಾಮೆರಾ ಬೇರೆ ಥರ ಇಡಬೇಕಾಗುತ್ತದೆ. ಓಟಕ್ಕಾದರೆ ಕ್ಯಾಮೆರಾವೂ ಓಡಬೇಕು, ಚೂರುಚೂರು ಮಾಡಿ ಜೋಡಿಸಬೇಕು. ನಡಿಗೆಗೆ ಕ್ಯಾಮೆರಾ ಅಲುಗಬಾರದು. ಖಾಲಿ ದಾರಿ ತೋರಿಸಬೇಕು, ಬಸ್ಸಿನ ಒಳಗೆ ಜನ ಮಾತಾಡಿಕೊಳ್ಳುವುದನ್ನು ತೋರಿಸಬೇಕು, ಮತ್ತೆ ಅದೇ ದಾರಿ ತೋರಿಸಬೇಕು. ಆಗ ತಿರುವಿನಲ್ಲಿ ಒಬ್ಬರು ನಿಂತಿರುತ್ತಾರೆ. ಇನ್ನೊಮ್ಮೆ ತೋರಿಸಿದಾಗ ಹತ್ತಿರ ಬಂದಿರುತ್ತಾರೆ. ನೋಡುವವರು ನೋಡದೆ ಇದ್ದ ಹೊತ್ತಿನಲ್ಲೇ ಅವರು ನಡೆದಿರುತ್ತಾರೆ. ಹೀಗೆ ಬಹುಪಾಲು ದೃಶ್ಯಗಳನ್ನು ಮುಗಿಸಿದೆವು. ಕೊನೆಯ ದೃಶ್ಯವೊಂದು ಉಳಿದಿರುವಾಗ ಮಳೆ ಹಿಡಿಯಿತು. ಅದನ್ನು ಮಳೆ ಬಿಡುವು ಕೊಟ್ಟಾಗ ನೋಡೋಣ ಎಂದು, ಬಸ್ಸನ್ನು ಅಲ್ಲೇ ಬಿಟ್ಟು ಬಂದೆವು.

ಮಳೆಗಾಲದಲ್ಲಿ ನನ್ನ ಕೆಲಸ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಎಷ್ಟು ಹೊತ್ತಿನ ಟೇಪೋ ಅಷ್ಟೇ ಹೊತ್ತು ಕೂರಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಅಂಥ ಒಂದು ಬೆಳಿಗ್ಗೆ ಮೇಷ್ಟ್ರ ಹೆಂಡತಿ ಸ್ಟುಡಿಯೋಕ್ಕೆ ಬಂದರು. ಕೊಪ್ಪಕ್ಕೆ ಬೇರೇನೋ ಕೆಲಸಕ್ಕೆ ಬಂದವರು, ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಕುರ್ಚಿಯ ತುದಿಯಲ್ಲಿ ಕುಳಿತರು.

"ನಿಮ್ಮ ಶೂಟಿಂಗ್ ಯಾವಾಗ ಮುಗೀತದೆ?" ಎಂದರು.

"ಒಂದು ಸೀನ್ ಉಳಿದಿದೆ. ಯಾಕಮ್ಮ?"

"ಬೇಗ ಮುಗಿಸಿಬಿಡಿ. ಮನೇಲೂ ಅದೇ ನಡಿಗೆ. ಆ ಹೆಣದ ನಡಿಗೆ ಬಾಗಿಲ ಹೊರಗೆ ಬಿಟ್ಟು ಬನ್ನಿ ಅಂತ ಎಷ್ಟು ಸಲ ಬೈದೆ. ಅಭ್ಯಾಸ ತಪ್ಪಬಾರದು ಅಂತಾರೆ. ಬಚ್ಚಲಿಗೆ ಹೋಗುವಾಗಲೂ ಅಭ್ಯಾಸ ಮಾಡ್ತಾರೇನ್ರೀ?" ನಕ್ಕರು. ನಗು ಅರ್ಧಕ್ಕೆ ನಿಂತಿತು. "ಮೊನ್ನೆ ಅಂಗಿಯ ಗುಂಡಿ ನಾನು ಹಾಕ್ಕೊಟ್ಟೆ. ಹೆಣಕ್ಕೆ ಗುಂಡಿ ಹಾಕೋಕೂ ಬರಲ್ವಾ ಅಂದೆ. ಕತ್ತೆತ್ತಿ ನಿಂತ್ಕೊಂಡ್ರು."

ಮೇಷ್ಟ್ರಿಗೆ ನಾನು ಯಾವ ಅಭ್ಯಾಸವನ್ನೂ ಹೇಳಿರಲಿಲ್ಲ. ಅದನ್ನು ಮುಚ್ಚಿಟ್ಟು, ಆದಷ್ಟು ಬೇಗ ಮುಗಿಸುತ್ತೇವೆ ಎಂದೆ. ಅವರು ಕೊಡೆ ಬಿಚ್ಚಿಕೊಂಡು ಮೆಟ್ಟಿಲಿಳಿದರು.

ಬಾಗಿಲು ಹಾಕಿಕೊಂಡು ಟೇಪುಗಳನ್ನು ದಿನದ ಕ್ರಮದಲ್ಲಿ ಜೋಡಿಸಿದೆ. ಮೇಷ್ಟ್ರು ಬಿದ್ದ ದೃಶ್ಯಗಳನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದೆ. ಪ್ರತಿ ಸಲವೂ ಎಡಗಾಲಿನ ಬೆರಳೇ ಮೊದಲು ನೆಲಕ್ಕೆ ತಾಗುತ್ತಿತ್ತು. ಹಿಂದೆ ಹಿಂದೆ ಹೋದೆ. ಕೊನೆಗೆ ಹಿನ್ನೀರಿನ ಬಯಲಿನ ಓಟಕ್ಕೆ ಬಂದೆ. ವೇಗದಲ್ಲಿ ನೋಡಿದರೆ ಯಾವ ದೋಷವೂ ಇಲ್ಲ. ಷಟರ್ ವೇಗ ಹೆಚ್ಚಿದ್ದರಿಂದ ಪ್ರತಿ ಚಿತ್ರವೂ ಸ್ಪಷ್ಟವಾಗಿತ್ತು. ಬಲಪಾದ ಗಾಳಿಯಲ್ಲಿ ಮೇಲಕ್ಕೆ ಮಡಚಿ ಹಿಮ್ಮಡಿ ಊರಲು ಸಿದ್ಧವಾಗಿದೆ. ಎಡಪಾದ ಜೋತುಬಿದ್ದಿದೆ. ಮಾಲೀಕರು ಚಪ್ಪಾಳೆ ಹೊಡೆದ ದಿನವೇ ಅದು ಅಲ್ಲಿತ್ತು.

ಮಾಲೀಕರಿಗೆ ಹೇಳಲೇ, ಮೇಷ್ಟ್ರ ಹೆಂಡತಿಗೆ ಹೇಳಲೇ, ಮೇಷ್ಟ್ರಿಗೇ ಹೇಳಲೇ ಎಂದು ಒಂದೆರಡು ದಿನ ಒದ್ದಾಡಿದೆ. ನಾನು ವೈದ್ಯನಲ್ಲ. ಸಿಯಾಟಿಕದಂಥ ಸೊಂಟದ ನರದ ನೋವೋ ಏನೋ ಆಗಿದ್ದರೆ ಸುಮ್ಮನೆ ಒಂದು ಮನೆಯನ್ನು ಹೆದರಿಸಿದ ಹಾಗಾಗುತ್ತದೆ. ಕಡೆಗೆ ನರಸಿಂಹರಾಜಪುರದ ಬಸ್ಸು ಹತ್ತಿದೆ.

ಮೇಷ್ಟ್ರು ಶಾಲೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈದಾನ ಒದ್ದೆ, ಮಕ್ಕಳು ವರಾಂಡದಲ್ಲೇ ಕೇರಂ ಆಡುತ್ತಿದ್ದರು. ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಹಗ್ಗ, ಜಾವೆಲಿನ್, ಗಾಳಿ ಹೋದ ಚೆಂಡುಗಳ ಕೋಣೆ. ನಾನು ನೋಡಿದ್ದನ್ನು ಹೇಳಿದೆ. ಅವರು ಅಡ್ಡಬರದೆ ಕೇಳಿದರು.

"ಬಯಲಿನ ದಿನದಿಂದಲೇ ಇದೆಯಾ?" ಎಂದರು.

"ಇದೆ."

"ಶೂಟಿಂಗಿನಿಂದ ಬಂದದ್ದು ಅಂದ್ಕೊಂಡಿದ್ದೆ ಮಾರಾಯ್ರೇ. ಪಾತ್ರ ಅಂಟಿಕೊಂಡಿದೆ, ಸಿನಿಮಾ ಮುಗಿದ್ರೆ ಬಿಡ್ತದೆ ಅಂತ. ಚಪ್ಪಲಿ ದಾರೀಲಿ ಕಳಚಿ ಬಿದ್ರೆ ನಂಗೆ ಗೊತ್ತೇ ಆಗಲ್ಲ. ಮಕ್ಕಳು ಎತ್ಕೊಂಡು ಬಂದು ಕೊಡ್ತಾರೆ." ತೋಳಿನ ಅಂಗಿ ಮಡಚಿ ತೋರಿಸಿದರು. ಚರ್ಮದ ಒಳಗೆ ಏನೋ ಹುಳು ಹರಿದಾಡಿದಂತೆ ಸ್ನಾಯು ತಾನಾಗಿಯೇ ಮಿಡುಕುತ್ತಿತ್ತು. "ಇದು ನೋಡಿ. ಇದಕ್ಕೆ ನೀವು ಮೇಕಪ್ ಹಾಕಿಲ್ಲ ಅಲ್ಲನಾ?"

ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವುದೆಂದಾಯಿತು. ಮೇಷ್ಟ್ರ ಮತ್ತು ಅವರ ಹೆಂಡತಿಯ ಜೊತೆ ನಾನೂ ಹೋದೆ. ಶೃಂಗೇರಿಯಿಂದ ಮುಂದಿನ ದಾರಿ ಕೆರೆಕಟ್ಟೆಯ ಮೇಲೇ ಹೋಗುತ್ತದೆ. ಮಳೆಯಲ್ಲಿ, ದೂರದ ಗದ್ದೆಯ ಪಕ್ಕದಲ್ಲಿ ನಮ್ಮ ಬಸ್ಸು ನಿಂತಿರುವುದು ಕಿಟಕಿಯಿಂದ ಕಂಡಿತು. ಮೇಷ್ಟ್ರು ಹೆಂಡತಿಗೆ ಬೆರಳು ಮಾಡಿ ತೋರಿಸಿ, "ಅಗೋ, ನಮ್ಮ ಬಸ್ಸು" ಎಂದರು. ಅವರು ಆ ಕಡೆ ನೋಡಲಿಲ್ಲ.

ನರಗಳ ವೈದ್ಯರು ಮೇಷ್ಟ್ರನ್ನು ಕಾರಿಡಾರಿನಲ್ಲಿ ನಡೆಸಿದರು. ಹಿಮ್ಮಡಿಯ ಮೇಲೆ ನಡೆಯಿರಿ ಎಂದರು, ಬೆರಳ ಮೇಲೆ ನಡೆಯಿರಿ ಎಂದರು. ಮಂಡಿಗೆ ತಟ್ಟಿದರು, ನಾಲಿಗೆ ಚಾಚಿಸಿ ಬಹಳ ಹೊತ್ತು ನೋಡಿದರು. ತೋಳಿಗೂ ಕಾಲಿಗೂ ಸೂಜಿ ಚುಚ್ಚಿ ಯಂತ್ರದ ಪರದೆಯಲ್ಲಿ ಗೆರೆಗಳನ್ನು ನೋಡಿದರು. ಸಂಜೆ ಒಳಗೆ ಕರೆದು ಇಂಗ್ಲಿಷಿನಲ್ಲಿ ಕಾಯಿಲೆಯ ಹೆಸರು ಹೇಳಿ, ಆಮೇಲೆ ಕನ್ನಡದಲ್ಲಿ ಬಿಡಿಸಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಬುದ್ಧಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಿಂದಕ್ಕೆ ತರುವ ಔಷಧಿ ಇಲ್ಲ.

ಮೇಷ್ಟ್ರು ಕೇಳಿದರು, "ಡಾಕ್ಟ್ರೇ, ಇದು ಓಡಿ ಬರೋ ಜಾತಿನೋ, ನಡ್ಕೊಂಡು ಬರೋ ಜಾತಿನೋ?"

"ಅರ್ಥ ಆಗ್ಲಿಲ್ಲ."

"ಬೇಗ ಬರ್ತದಾ, ನಿಧಾನಕ್ಕೆ ಬರ್ತದಾ ಅಂತ."

"ಒಬ್ಬೊಬ್ಬರಲ್ಲಿ ಒಂದೊಂದು ಥರ. ಈಗಲೇ ಹೇಳೋದು ಕಷ್ಟ."

"ಆದ್ರೆ ನಿಲ್ಲೋದಿಲ್ಲ."

ವೈದ್ಯರು ಮುಂದಿದ್ದ ಕಾಗದಗಳನ್ನು ಸರಿಯಾಗಿ ಜೋಡಿಸಿಟ್ಟರು. ಮೇಷ್ಟ್ರ ಹೆಂಡತಿ ಅವರ ಅಂಗಿಯ ತೋಳನ್ನು ಮೆಲ್ಲಗೆ ಕೆಳಗಿಳಿಸಿ ಗುಂಡಿ ಹಾಕಿದರು. ನಾನು ನೀರು ತರುತ್ತೇನೆಂದು ಹೊರಗೆ ಬಂದೆ.

ಕೊಪ್ಪಕ್ಕೆ ಬಂದು ಮಾಲೀಕರಿಗೆ ವಿಷಯ ಹೇಳಿ, ಸಿನಿಮಾ ಬಿಟ್ಟುಬಿಡೋಣ ಎಂದೆ. ಅವರು ಮೇಜಿನ ಮೇಲಿನ ವೈರನ್ನು ಸುತ್ತಿಟ್ಟು, "ಬಿಡೋಣ. ದೀಪಾವಳಿಗೆ ಯಾವುದಾದ್ರೂ ನಾಟಕದ ರೆಕಾರ್ಡಿಂಗ್ ಹಾಕ್ತೀನಿ" ಎಂದರು. ಮೇಷ್ಟ್ರಿಗೆ ತಿಳಿಸಲು ನಾನೇ ಅವರ ಮನೆಗೆ ಹೋದೆ.

ಮೇಷ್ಟ್ರು ಸಿಟ್ಟಾದರು. ಅವರ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾಕೆ ಬಿಡ್ತೀರಿ? ನಂಗೆ ಕಾಯಿಲೆ ಅಂತಲಾ? ಊರಲ್ಲಿ ನನ್ನ ನೋಡಿ ಯಾರೂ ಇನ್ನೂ ಅಯ್ಯೋ ಪಾಪ ಅಂದಿಲ್ಲ. ಸಿನಿಮಾಕ್ಕೆ ಅಭ್ಯಾಸ ಮಾಡ್ತಿದಾರೆ ಅಂತಾರೆ. ಸಿನಿಮಾನೇ ಇಲ್ಲ ಅಂದ್ರೆ ನಾನು ಏನಂತ ಹೇಳ್ಲಿ?"

ನಾನು ಅವರ ಹೆಂಡತಿಯ ಕಡೆ ನೋಡಿದೆ. ಅವರು ಒಲೆಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದರು.

"ಕಡೇ ಸೀನಲ್ಲಿ ಏನಾಗ್ತದೆ?" ಎಂದು ಹೆಂಡತಿ ಅಲ್ಲಿಂದಲೇ ಕೇಳಿದರು.

ಹೇಳಿದೆ. ಮುಖ್ಯ ಹೆಣ ಬಸ್ಸಿನ ಹತ್ತಿರ ಬರುತ್ತದೆ. ಒಳಗಿರುವ ಹೆಂಗಸು ಅದು ಸತ್ತುಹೋದ ತನ್ನ ಗಂಡ ಎಂದು ಗುರುತು ಹಿಡಿಯುತ್ತಾಳೆ. ಆದರೂ ಬಸ್ಸಿನ ಜಾಕಿ ರಾಡಿನಿಂದ ತಲೆಗೆ ಹೊಡೆದು ಬೀಳಿಸುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

"ಅವರು ಮಾಡೋದಾದ್ರೆ ಮಾಡ್ಲಿ" ಎಂದರು ಹೆಂಡತಿ, ತಿರುಗದೆ. "ಹೊಡೆದು ಬೀಳಿಸಬೇಡಿ."

ಕೊಪ್ಪಕ್ಕೆ ಮರಳುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಹೆಣ ಸಾಯುವುದಿಲ್ಲ. ಬಸ್ಸಿನ ಹತ್ತಿರ ಬರುತ್ತದೆ, ಕಿಟಕಿಯಲ್ಲಿ ಹೆಂಗಸಿನ ಮುಖ ಕಾಣುತ್ತದೆ, ಅದು ನಿಲ್ಲದೆ ಮುಂದೆ ಹೋಗುತ್ತದೆ. ಯಾಕೆ ಹೋಗುತ್ತದೆ ಎಂದು ಸಿನಿಮಾದಲ್ಲಿ ಎಲ್ಲೂ ಹೇಳುವುದಿಲ್ಲ. ಚೂರು ಮಾಡದೆ, ತಿರುವಿನಿಂದ ಕೊನೆಯವರೆಗೆ ಒಂದೇ ಶಾಟು. ಮಾಲೀಕರಿಗೆ ಹೇಳಿದಾಗ ರಿಮೋಟಿನ ಮಾತು ಎತ್ತದೆ ಒಪ್ಪಿದರು.

ಮಳೆ ಕಡಿಮೆಯಾಗಿ ಬಿಸಿಲು ಬಂದ ಒಂದು ಬೆಳಿಗ್ಗೆ ಕೆರೆಕಟ್ಟೆಗೆ ಹೋದೆವು. ಬಸ್ಸಿನ ಚಕ್ರಗಳು ಅರ್ಧ ಕೆಸರಿನಲ್ಲಿ ಹೂತಿದ್ದವು, ಬಾನೆಟ್ಟಿನ ಮೇಲೆ ಬಳ್ಳಿ ಹಬ್ಬಿತ್ತು. ಮೇಷ್ಟ್ರಿಗೆ ಆಗಲೇ ಕೋಲು ಬೇಕಾಗಿತ್ತು. ಮುಖಕ್ಕೆ ಹಿಟ್ಟು ಬಳಿಯುವಾಗ ಕೆನ್ನೆ ಒಳಗೆ ಹೋಗಿರುವುದು ನನ್ನ ಬೆರಳಿಗೆ ತಿಳಿಯಿತು. ಕಣ್ಣಿನ ಸುತ್ತ ಇದ್ದಿಲು ಬೇಕಾಗಲೇ ಇಲ್ಲ.

"ಬಸ್ಸಿನ ಹತ್ತಿರ ನಾನು ನಿಲ್ಬೇಕಾ?" ಎಂದರು.

"ಬೇಡ. ಹೋಗ್ತಾ ಇರಿ."

"ಎಲ್ಲಿ ತನಕ?"

"ಫ್ರೇಮ್ ದಾಟುವ ತನಕ. ಅಲ್ಲಿ ಮನೆಯವರು ಇರ್ತಾರೆ."

ಚೌಕಟ್ಟಿನ ಎಡ ಅಂಚಿನ ಆಚೆ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ, ಅವರ ಹೆಂಡತಿ ಒಂದು ಕುರ್ಚಿಯನ್ನೂ ಕೋಲನ್ನೂ ಹಿಡಿದು ನಿಂತಿದ್ದರು. ಶೂಟಿಂಗ್ ನೋಡಲು ಅವರು ಬಂದಿದ್ದು ಅದೇ ಮೊದಲು. ನಾನು ಹೊಸ ಟೇಪು ಹಾಕಿ, ಫೋಕಸ್ಸನ್ನು ಕೈಯಿಂದಲೇ ಹೊಂದಿಸುವಂತೆ ಮಾಡಿಕೊಂಡು, ಕೈ ಎತ್ತಿದೆ.

ಮೇಷ್ಟ್ರು ತಿರುವಿನಲ್ಲಿ ಕಂಡರು. ಪ್ರತಿ ಹೆಜ್ಜೆಗೂ ಮುಂಚೆ ಅವರು ನಿಲ್ಲುತ್ತಿದ್ದರು. ಮೈ ಯೋಚಿಸಿ ಒಪ್ಪಿದ ಮೇಲೆ ಕಾಲು ಬರುತ್ತಿತ್ತು. ಸೊಂಟ ಎದ್ದು, ಭುಜ ವಾಲಿ, ಪಾದ ಕೆಸರಿನಲ್ಲಿ ಗೆರೆ ಎಳೆಯಿತು. ಒಮ್ಮೆ ಬಿದ್ದೇಬಿಟ್ಟರು ಅನ್ನಿಸಿತು. ಮಾಲೀಕರು ಮುಂದೆ ಹೋಗಲು ಹೊರಟಾಗ ನಾನು ಅವರ ತೋಳು ಹಿಡಿದೆ. ಮೇಷ್ಟ್ರು ಸಾವರಿಸಿಕೊಂಡರು. ಬಸ್ಸಿನ ಕಿಟಕಿಯಲ್ಲಿ ಪಾತ್ರದ ಹೆಂಗಸಿನ ಮುಖ ಕಂಡಿತು. ಮೇಷ್ಟ್ರು ಆ ಕಡೆ ಒಮ್ಮೆ ತಿರುಗಿ, ಮುಂದೆ ನಡೆದರು. ನನಗೆ ಪರದೆ ಮಂಜಾಯಿತು. ಫೋಕಸ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ. ಅವರು ಚೌಕಟ್ಟಿನ ಅಂಚು ಮುಟ್ಟಿದರು, ದಾಟಿದರು. ಖಾಲಿ ದಾರಿ ಉಳಿಯಿತು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ.

ಕಾಣದ ಕಡೆಯಿಂದ ಹೆಂಡತಿಯ ದನಿ ಬಂತು, "ಬಂದ್ರಾ?"

"ಬಂದೆ" ಎಂದರು ಮೇಷ್ಟ್ರು.

ಇನ್ನೊಮ್ಮೆ ತೆಗೆಯುವ ಮಾತೇ ಇರಲಿಲ್ಲ.

ಎಡಿಟಿಂಗಿನಲ್ಲಿ ಆ ಶಾಟನ್ನು ಎಲ್ಲೂ ಕತ್ತರಿಸಲಿಲ್ಲ. ಖಾಲಿ ದಾರಿಯನ್ನೂ ಹಾಗೇ ಇಟ್ಟೆ. ಧ್ವನಿಯಲ್ಲಿ ಮಾತ್ರ ಆ ಎರಡು ಮಾತುಗಳನ್ನು ತೆಗೆದು, ಅದೇ ಟೇಪಿನ ಬೇರೆ ಜಾಗದಿಂದ ಜೀರುಂಡೆಯ ಸದ್ದು ತಂದು ತುಂಬಿದೆ. ಜೋಡಿಸಿದ ಜಾಗ ಕಿವಿಗೆ ತಿಳಿಯದಂತೆ ಮಾಡಲು ಒಂದು ಇಡೀ ಹಗಲು ಹಿಡಿಯಿತು. ಎಷ್ಟು ಮಾಡಿದರೂ ನನಗೆ ಅದು ಕೇಳಿಸುತ್ತಲೇ ಇತ್ತು.

ದೀಪಾವಳಿಗೆ ಚಾನೆಲ್ಲಿನಲ್ಲಿ ಸಿನಿಮಾ ಬಂತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಸಿಕ್ಕವರೆಲ್ಲ ಮೇಷ್ಟ್ರ ನಡಿಗೆಯ ಮಾತೇ ಆಡುತ್ತಿದ್ದರು. "ಓಡಿ ಬಂದಿದ್ರೆ ಇಷ್ಟು ಹೆದರ್ತಿರಲಿಲ್ಲ ಮಾರಾಯ್ರೇ. ಬರ್ತಾನೇ ಇದಾರೆ, ಬರ್ತಾನೇ ಇದಾರೆ. ಮಕ್ಕಳು ಬಚ್ಚಲಿಗೆ ಒಬ್ಬರೇ ಹೋಗಲ್ಲ ಅಂತಾವೆ" ಎಂದು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕೈ ಕುಲುಕಿದರು. ಮೇಷ್ಟ್ರಿಗೆ ಆ ನಡಿಗೆಯನ್ನು ಹೇಗೆ ಕಲಿಸಿದಿರಿ ಎಂದು ಕೇಳಿದವರಿಗೆ ನಾನು ಏನೇನೋ ಹೇಳಿ ಜಾರಿಕೊಂಡೆ.

ಅದಾದ ಮೇಲೆ ಒಂದು ದಿನ ನರಸಿಂಹರಾಜಪುರದ ಪೇಟೆಯಲ್ಲಿ ಮೇಷ್ಟ್ರ ಜೊತೆ ಹೋಗುತ್ತಿದ್ದೆ. ಹಿಂದಿನಿಂದ ಸರ್‍ ಸರ್‍ ಎಂದು ಸದ್ದು. ತಿರುಗಿದರೆ ಅವರ ಶಾಲೆಯ ಹುಡುಗರು ಹುಡುಗಿಯರು ಸಾಲಾಗಿ ಎಡಗಾಲು ಎಳೆಯುತ್ತ ಹಿಂದೆ ಬರುತ್ತಿದ್ದಾರೆ. ಅಂಗಡಿಯವರು ನಗುತ್ತಿದ್ದಾರೆ. ನಾನು ಸಿಟ್ಟಿನಿಂದ ಮಕ್ಕಳ ಕಡೆ ನುಗ್ಗಿದೆ. ಮೇಷ್ಟ್ರು ಕೋಲನ್ನು ಅಡ್ಡ ಹಿಡಿದರು.

"ಬಿಡಿ ಮಾರಾಯ್ರೇ. ನಟನೆ ಅಂತ ತಿಳ್ಕೊಂಡಿದಾವೆ. ಹಾಗೇ ಇರ್ಲಿ."

ಆಮೇಲೆ ನಿಧಾನವಾಗಿ ತಿರುಗಿ, ಕತ್ತು ವಾಲಿಸಿ, ಹೆಣದ ಹಾಗೆ ಗುರುಗುಟ್ಟಿದರು. ಮಕ್ಕಳು ಕಿರುಚುತ್ತ ದಿಕ್ಕಾಪಾಲಾಗಿ ಓಡಿದರು. ಮೇಷ್ಟ್ರು ಅವರು ಓಡುವುದನ್ನೇ, ಬೀದಿಯ ತುದಿಯವರೆಗೆ, ನೋಡುತ್ತ ನಿಂತರು. "ಆ ಮುಂದಿನವಳು ನೋಡಿ, ಕೈ ಸರಿಯಾಗಿ ಬೀಸಲ್ಲ" ಎಂದರು.

ಕಾಯಿಲೆ ಓಡಿ ಬರುವ ಜಾತಿಯದೇ ಆಗಿತ್ತು. ಬೇಸಿಗೆಯ ಹೊತ್ತಿಗೆ ಸೀಟಿ ಊದಲು ತುಟಿ ಕೂಡುತ್ತಿರಲಿಲ್ಲ. ಮುಂದಿನ ಮಳೆಗೆ ಮಾತು ಅವರ ಹೆಂಡತಿಗೊಬ್ಬರಿಗೇ ತಿಳಿಯುವಂತಾಯಿತು. ಅವರು ಮೇಷ್ಟ್ರ ಮಾತನ್ನು ಒಂದೊಂದಾಗಿ ಬಿಡಿಸಿ ನನಗೆ ಹೇಳುತ್ತಿದ್ದರು. ಒಮ್ಮೆ, "ಮುಂದಿನ ಸಿನಿಮಾಕ್ಕೆ ಮಲಗಿರೋ ಹೆಣದ ಪಾತ್ರ ಬರೀರಿ ಅಂತಿದಾರೆ" ಎಂದು ಹೇಳಿ, ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಮೇಷ್ಟ್ರು ಕಣ್ಣಿನಲ್ಲೇ ನಗುತ್ತಿದ್ದರು. ಅದರ ಮಾರನೆಯ ವರ್ಷದ ಮಳೆಗಾಲ ಅವರು ನೋಡಲಿಲ್ಲ. ನಾನು ಇನ್ನೊಂದು ಸಿನಿಮಾ ಮಾಡಲಿಲ್ಲ.

ಅವರು ಹೋಗಿ ಕೆಲವು ತಿಂಗಳಾಗಿತ್ತು. ಕಾಲೇಜಿಗೆ ಅರ್ಜಿ ಹಾಕಲು ಪಾಸ್‌ಪೋರ್ಟ್ ಫೋಟೋ ಬೇಕೆಂದು ಒಬ್ಬಳು ಹುಡುಗಿ ಸ್ಟುಡಿಯೋಕ್ಕೆ ಬಂದಳು. ಸ್ಟೂಲಿನ ಮೇಲೆ ಕೂರಿಸಿ ದೀಪ ಹೊಂದಿಸುವಾಗ ಅವಳೇ ಕೇಳಿದಳು, "ಸಾರ್, ಮೇಷ್ಟ್ರ ಸಿನಿಮಾ ತೆಗೆದೋರು ನೀವೇ ಅಲ್ವಾ? ನಾವೆಲ್ಲ ಅವರ ಹಿಂದೆ ಹಾಗೇ ನಡೀತಿದ್ವಿ."

"ಗೊತ್ತು" ಎಂದೆ. "ಅದು ನಟನೆ ಅಲ್ಲ ಅಂತ ನಿಮಗೆ ಆಗ ಗೊತ್ತಿರಲಿಲ್ಲ. ಚಿಕ್ಕವರು."

ಅವಳು ಹಾಗಲ್ಲ ಎಂದು ತಲೆಯಾಡಿಸಿದಳು.

"ಮೊದಲು ಗೊತ್ತಿರಲಿಲ್ಲ ಸಾರ್. ಆಮೇಲೆ ಗೊತ್ತಾಯ್ತು. ಒಂದ್ಸಲ ಮೈದಾನದಲ್ಲಿ ಬಿದ್ದವರಿಗೆ ಏಳೋಕಾಗ್ಲಿಲ್ಲ, ನಾವೇ ಎತ್ತಿದ್ವಿ. ಎಷ್ಟು ಹಗುರ ಇದ್ರು. ಅದೂ ನಟನೆ ಅಂತ ನಕ್ರು. ಅವತ್ತೇ ಎಲ್ಲರಿಗೂ ಗೊತ್ತಾಯ್ತು."

"ಮತ್ತೆ? ಆಮೇಲೂ ಹಿಂದೆ ನಡೀತಿದ್ರಿ?"

"ನಿಲ್ಲಿಸಿಬಿಟ್ರೆ, ನಮಗೆ ಗೊತ್ತಾಗಿದೆ ಅಂತ ಮೇಷ್ಟ್ರಿಗೆ ಗೊತ್ತಾಗ್ತಿತ್ತಲ್ಲ ಸಾರ್."

ಅವಳ ಕಣ್ಣು ತುಂಬಿತ್ತು. ನಾನು ದೀಪ ಆರಿಸಿ, ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಅವಸರ ಇಲ್ಲ, ನಿಧಾನಕ್ಕೆ ತೆಗೆಯೋಣ ಎಂದೆ.